ಹಸಿರು ಚಿಂದಿ ಸುತ್ತಿದ ಉಳಿ

ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ಒಂಬತ್ತು, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಮೊದಲು ಖರ್ಚು ಹೇಳಿಬಿಡುತ್ತೇನೆ, ಬೈಯುವುದಿದ್ದರೆ ಒಟ್ಟಿಗೇ ಬೈದುಬಿಡು. ಅಪ್ಪನ ಗಣಿಯ ಬಾಯಿ ಮತ್ತೆ ತೆರೆಸಿದ್ದಕ್ಕೆ ಹೋದದ್ದು ಎರಡು ಸಲಿಕೆ, ಅಂಗಡಿಯ ಒಂದಿಡೀ ಚಳಿಗಾಲದ ವ್ಯಾಪಾರ, ನನ್ನ ಎಡಗಾಲಿನ ಹೆಬ್ಬೆರಳ ಉಗುರು, ಮತ್ತು ಎದುರಿನ ಬೀಗದಂಗಡಿಯವನ ಮುಂದೆ ಇದ್ದಬದ್ದ ಮರ್ಯಾದೆ. "ಗುಡ್ಡ ಅಗೆದು ಇಲಿ ಹಿಡೀತಾಳಂತೆ" ಎಂದು ಅವನು ಬಂದ ಗಿರಾಕಿಗೆಲ್ಲ ಹೇಳಿದ. ಇಲಿ ಸಿಗಲಿಲ್ಲ. ಸಿಕ್ಕಿದ್ದನ್ನು ಹೇಳಲೆಂದೇ ಈ ಕಾಗದ.

ನಿನ್ನ ಕೆಮ್ಮು ಹೇಗಿದೆ? ಹಡಗುಕಟ್ಟೆಯ ಗಾಳಿಗೆ ಸ್ವೆಟರ್ ಹಾಕಿಕೊಳ್ಳುತ್ತೀಯೋ, ಅಥವಾ ಅದನ್ನೂ ಯಾರಿಗಾದರೂ ಕೊಟ್ಟು ಕೂತಿದ್ದೀಯೋ? ಅಮ್ಮ ಚೆನ್ನಾಗಿದ್ದಾಳೆ. ಅಂದರೆ ಊಟ ಮಾಡುತ್ತಾಳೆ, ನನ್ನನ್ನು ಬೈಯುತ್ತಾಳೆ, ನಾನು ಅಂಗಡಿಯಲ್ಲಿ ಕಲ್ಲು ಕೊಯ್ಯುವ ಗರಗಸ ನಿಲ್ಲಿಸಿದಾಗಲೆಲ್ಲ ಗುಡ್ಡಕ್ಕೆ ಒರಗಿದ ಗೋಡೆಗೆ ಕಿವಿಯಿಡುತ್ತಾಳೆ. ಟಕ್, ಟಕ್, ಸ್ವಲ್ಪ ಬಿಟ್ಟು ಟಕ್. ಅಪ್ಪ ಉಳಿಗೆ ಹೊಡೆಯುತ್ತಿದ್ದ ಅದೇ ಲಯ. ಅದೂ ಹಾಡಹಗಲೇ, ಗಿರಾಕಿ ಎದುರು ನಿಂತಿರುವಾಗಲೇ. ನಾನು ನೀರಿನ ಕೊಳವೆ ಅಂದೆ, ಪಕ್ಕದ ಬಡಗಿ ಅಂದೆ. ಅಮ್ಮ ಮಾತ್ರ, "ನಿಮ್ಮಪ್ಪಂದು ಏನೋ ಕೆಲ್ಸ ಒಳಗೆ ಉಳಿದಿದೆ ಕಣೇ, ಹೋಗಿ ನೋಡು" ಎಂದು ಪಟ್ಟು ಹಿಡಿದಳು. ಕೊನೆಗೆ ಅಪ್ಪನ ಜೊತೆಗಾರ, ಬಂಡೆ ಕಚ್ಚಿದರೆ ಬಿಡದ ನಮ್ಮ ಉಡ ಮಾಮನನ್ನು ಕರೆದುಕೊಂಡು ಹೋದೆ.

ಕುಸಿದ ಮಣ್ಣು ತೆಗೆದರೆ ಒಳಗೆ ಎಲ್ಲ ಹಾಗೇ ಇದೆ. ಬಿರುಕಿನಲ್ಲಿ ನಿಂತ ಬಿಸಿನೀರಿನಿಂದ ಯುಗಗಟ್ಟಲೆ ಹರಳುಗಟ್ಟಿದ ಸ್ಫಟಿಕದ ಗೂಡು. ಟಾರ್ಚ್ ಹಿಡಿದರೆ ಗೋಡೆಯೆಲ್ಲ ಕಣ್ಣು ಬಿಟ್ಟಂತೆ. ಹಿಂದಿನವರು ಇದನ್ನು ಕರಗುವುದನ್ನೇ ಮರೆತ ಮಂಜುಗಡ್ಡೆ ಅನ್ನುತ್ತಿದ್ದರೆಂದು ಅಪ್ಪ ಹೇಳುತ್ತಿದ್ದ. ನಮ್ಮ ಕೆನ್ನೆಗೆ ಕಲ್ಲು ಒತ್ತಿ, "ಗಾಜು ಬೇಗ ನೆಂಟನಾಗುತ್ತೆ, ಇದು ಅಷ್ಟು ಸುಲಭಕ್ಕೆ ಬೆಚ್ಚಗಾಗಲ್ಲ" ಅನ್ನುತ್ತಿದ್ದನಲ್ಲ, ನೆನಪಿದೆಯೇ?

ಗೂಡಿನ ಕೊನೆಯಲ್ಲಿ ಜೇಡಿಮಣ್ಣಿನ ಒಂದು ಗುಡ್ಡೆ ಇತ್ತು. ನಮ್ಮವರ ರೀತಿ ನಿನಗೆ ಹೇಳಬೇಕಾಗಿಲ್ಲ. ಬಿಡಿಸಿದ ಕಲ್ಲನ್ನು ಅವಸರದಲ್ಲಿ ಹೊರಗೆ ತಂದರೆ ಬಿಸಿಲಿಗೆ ಸೀಳುಬಿಡುತ್ತದೆ. ಅದಕ್ಕೇ ಗೂಡಿನ ಒದ್ದೆ ಮಣ್ಣಿನಲ್ಲೇ ಹೂತು ಮಲಗಿಸುತ್ತಾರೆ, ಯಾರ ಪಾಲೋ ಅವರ ಉಳಿಯನ್ನು ಮೇಲಿಡುತ್ತಾರೆ. ಆಮೇಲೆ ಬೇರೆಯವರು ಮುಟ್ಟುವಂತಿಲ್ಲ. ಮಣ್ಣು ಒಂದು ಕಡೆ ಬಿರಿದಿತ್ತು, ಇಣುಕಿದೆ. ನೀರಿನಂಥ ಕಲ್ಲು, ಅದರೊಳಗೆ ಇನ್ನೊಂದು ಚಿಕ್ಕ ಕಲ್ಲಿನ ನೆರಳು, ತುದಿ ಸಮೇತ. ಹರಳು ಬೆಳೆಯುವುದು ನಡುವೆ ನಿಂತು, ಮೈಮೇಲೆ ದೂಳು ಕೂತು, ಆಮೇಲೆ ಮತ್ತೆ ಬೆಳೆದದ್ದಂತೆ. ಕಿಟಕಿಯಾಚೆ ಯಾರೋ ನಿಂತು ನೋಡುತ್ತಿರುವ ಹಾಗಿತ್ತು. ನನ್ನಂಥ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ. ಗುಡ್ಡೆಯ ಮೇಲೆ ತುಕ್ಕು ಹಿಡಿದ ಉಳಿ. ಹಿಡಿಗೆ ಹಸಿರು ಚಿಂದಿ. ಕೈ ಜಾರದಿರಲೆಂದು ಅಮ್ಮ ನಿನಗೆ ಸುತ್ತಿಕೊಟ್ಟದ್ದು.

ಅಣ್ಣಾ, ಆ ಸಂಜೆ ಗಣಿಯ ಬಾಯಲ್ಲಿ ಅಪ್ಪ ನಿನಗೆ, "ನೀ ನಡೀತಿರು, ಒಂಚೂರು ಕೆಲ್ಸ ಇದೆ" ಅಂದು ಮತ್ತೆ ಒಳಗೆ ಹೋದನಂತೆ. ಚಾವಣಿ ಕುಸಿಯಿತು. ನಿನ್ನ ಚೀಲದಲ್ಲಿ ಉಳಿ ಇರಲಿಲ್ಲ. "ನಾನು ಮರೆತ ಉಳಿ ತರಲು ಹೋಗಿ ಅಪ್ಪ ಸತ್ತ" ಎಂದು ನೀನೇ ತೀರ್ಪು ಕೊಟ್ಟುಕೊಂಡು ಮನೆ ಬಿಟ್ಟೆ. ಲೆಕ್ಕದಲ್ಲಿ ನೀನು ಯಾವತ್ತೂ ದಡ್ಡ. ಉಳಿ ತರಲು ಹೋದವನು ಅದನ್ನು ಕಲ್ಲಿನ ಮೇಲೆ ನೆಟ್ಟಗಿಟ್ಟು ಬರುತ್ತಾನೆಯೇ? ಅಂದು ಅವನು ಮಣ್ಣಿನಡಿ ಸಿಕ್ಕಾಗ ಕೈ ಖಾಲಿಯಿತ್ತು, ಮುಖ ಗಣಿಯ ಬಾಯಿಯ ಕಡೆಗಿತ್ತು. ನೀನು ಮರೆತಿರಲಿಲ್ಲ. ನಿನ್ನ ಚೀಲದಿಂದ ಅವನೇ ತೆಗೆದು, ಕಲ್ಲು ನಿನ್ನದೆಂದು ಗುರುತಿಟ್ಟು, ಮನೆಗೆ ಹೊರಟಿದ್ದ. ಉಡ ಮಾಮ ಉಳಿ ನೋಡಿ ಅಲ್ಲೇ ಕೂತು, "ಕಳ್ಳ, ಕೊಡೋದನ್ನೂ ಕದ್ದೇ ಕೊಡ್ತಿದ್ದ" ಎಂದು ಅತ್ತ. "ಹಾಗಾದರೆ ನನಗಾಗಿಯೇ ಹೋದ" ಎಂದು ಹೊಸ ರಾಗ ತೆಗೆಯಬೇಡ. ಕೊಡುವವನು ತನ್ನ ಖುಷಿಗೆ ಹೋಗುತ್ತಾನೆ.

ಅಮ್ಮನ ಆಶೀರ್ವಾದ, ಜೊತೆಗೆ ಅವಳು ಹೆಣೆದ ಕಾಲುಚೀಲ. ಎರಡನ್ನೂ ಉಪಯೋಗಿಸು.

ನಿನ್ನ ತಂಗಿ,
ಜಿಪುಣಿ

ಮರೆತೆ: ಒಳಗೆ ನಾವು ಏನನ್ನೂ ಮುಟ್ಟಿಲ್ಲ. ಈವರೆಗೆ ಯಾರಿಗೆ ಏನು ಸಿಕ್ಕಿತೆಂದರೆ, ಬೀಗದಂಗಡಿಯವನಿಗೆ ಮಾತು, ಉಡ ಮಾಮನಿಗೆ ಅಳು, ಅಮ್ಮನಿಗೆ ಉತ್ತರ, ನನಗೆ ಹೊಸ ಉಗುರು. ನಿನ್ನ ಪಾಲು ನಿನ್ನ ಉಳಿಯ ಕೆಳಗೇ ಇದೆ, ನೀನೇ ಬಂದು ಎತ್ತಬೇಕು. ಅಪ್ಪನಿಗೆ ಇನ್ನೂ ಏನೂ ಸಿಕ್ಕಿಲ್ಲ. ಇದನ್ನು ಬರೆಯುತ್ತಿರುವಾಗಲೂ ಗೋಡೆಯಾಚೆ ಬಡಿಯುತ್ತಿದ್ದಾನೆ.