ಮಾಯಾ ಗುಡಿಯ ಬಾಗಿಲಲ್ಲಿ ರೊಟ್ಟಿ

ಅವ್ವಾ,

ನಿನಗೆ ಓದು ಬರುತ್ತಿರಲಿಲ್ಲ, ಈಗ ನೀನೇ ಇಲ್ಲ. ಆದರೂ ಬರೆಯುತ್ತಿದ್ದೇನೆ.

ಇವತ್ತು ನಮ್ಮ ಪ್ರವಾಸದ ಹಡಗು ಮೆಕ್ಸಿಕೋದ ದಡ ಮುಟ್ಟಿತು. ಎದೆಗೆ ನಂಬರಿನ ಚೀಟಿ ಅಂಟಿಸಿ, ಬಸ್ಸಿಗೆ ತುಂಬಿ, ಮಾಯಾ ಜನರ ಹಾಳು ಗುಡಿಗಳನ್ನು ನೋಡಲು ನಲವತ್ತು ನಿಮಿಷ ಕೊಟ್ಟರು. ನಮ್ಮ ಮಂದಿಗೆ ಅದೂ ಹೆಚ್ಚಾಯಿತು. ಗುಡಿಗೆ ಬೆನ್ನು ತಿರುಗಿಸಿ ಫೋಟೊ ತೆಗೆಸಿಕೊಂಡು ನೆರಳಿಗೆ ಓಡಿದರು.

"ಬರೇ ಕಲ್ಲು, ಏನ್ ನೋಡ್ತಿ? ನಮ್ಮ ಪಟ್ಟದಕಲ್ಲಿನಾಗ ಇದಕ್ಕಿಂತ ಛಲೋ ಅದಾವ" ಅಂದರು ನಿನ್ನ ಅಳಿಯ. ಬಾಗಲಕೋಟೆಯಲ್ಲೇ ಬೆಳೆದ ಈ ಮನುಷ್ಯ ಅಲ್ಲಿ ಒಮ್ಮೆಯೂ ಕಾಲಿಟ್ಟಿಲ್ಲ.

ಗುಡಿಯ ಬಾಗಿಲಲ್ಲಿ ಒಬ್ಬ ಹೆಂಗಸು ಮೆಕ್ಕೆಜೋಳದ ರೊಟ್ಟಿ ಬಡಿಯುತ್ತಿದ್ದಳು. ನಿನ್ನ ಕೈಯದೇ ಸದ್ದು. ಒಂದನ್ನು ನನ್ನತ್ತ ಚಾಚಿದಳು.

"ಮುಟ್ಟಬ್ಯಾಡ, ಹೊಟ್ಟಿ ಕೆಡತೈತಿ" ಅಂದರು ಇವರು.

ನಮ್ಮ ಇಂಗ್ಲಿಷ್ ಸಾಲೆಯ ಬಸ್ಸು ಪಟ್ಟದಕಲ್ಲಿಗೆ ಬಂದ ದಿನ, ನೀನು ರೊಟ್ಟಿ ಬುಟ್ಟಿ ಹೊತ್ತು ಗುಡಿಯ ಮುಂದೆ ನಿಂತಿದ್ದೆ. ಗೆಳತಿಯರ ನಡುವೆ ನನ್ನ ಮುಖವನ್ನು ಒಂದು ಗಳಿಗೆ ನೋಡಿದೆ. ಆಮೇಲೆ ಅವರಿಗೆ ಹೇಳಿದಂತೆಯೇ ನನಗೂ ಹೇಳಿದೆ: "ಅಕ್ಕಾರ, ರೊಟ್ಟಿ ಮೊಸರು ತಗೋರಿ."

"ನೋ ಥ್ಯಾಂಕ್ಯೂ, ಆಂಟಿ" ಅಂದಿದ್ದೆ.

ಇವತ್ತಿನ ಹೆಂಗಸಿಗೆ ಅಷ್ಟೂ ಅನ್ನದೆ ಬಸ್ಸು ಹತ್ತಿದೆ.