ನನ್ನ ಟಿವಿಯ ಹಿಂದಿನ ಪಿನ್

ಲೋ ತಮ್ಮಾ,

ವಿಳಾಸ ಕೊಡದೆ ಮನೆ ಬಿಟ್ಟವನಿಗೆ ಪತ್ರ ಬರೆಯುವ ಹುಚ್ಚ ನಾನೊಬ್ಬನೇ ಇರಬೇಕು. ಆದರೂ ಕೇಳು.

ಇವತ್ತು ಟಿವಿ ಮೆಕ್ಯಾನಿಕ್ ಬಂದಿದ್ದ. ತಾರಸಿಯಲ್ಲಿ ನೀನು ನಿಲ್ಲಿಸಿದ ಆಂಟೆನಾ ನೋಡಿದ, ನಿನ್ನ ಕೋಣೆಯ ಮೂಲಕ ನನ್ನ ಟಿವಿಗೆ ಇಳಿಯುವ ಕೇಬಲ್ ಪರೀಕ್ಷಿಸಿದ. “ಮೇಲೆ ಎಲ್ಲಾ ಚಿನ್ನದಂಥ ಕೆಲ್ಸ, ಸಾರ್” ಎಂದ. ಕೆಳಗಿಳಿದು ನನ್ನ ಟಿವಿಯ ಪಿನ್ ಬಿಚ್ಚಿದ. ಕೇಬಲಿನ ಹೊರಗಿನ ಜಾಲರಿಯ ಒಂದು ಎಳೆ ನಡುವಿನ ತಂತಿಗೆ ತಾಗಿಕೊಂಡಿತ್ತು; ಚಿತ್ರ ಕೆಟ್ಟಿದ್ದು ಅದರಿಂದಲೇ.

“ಇದನ್ನ ಹಾಕಿದ ಮಹಾನುಭಾವ ಯಾರು?”

ನಾನೇ. ಕೇಬಲನ್ನು ಹಲ್ಲಿನಿಂದಲೇ ಸುಲಿದು ಸಿಕ್ಕಿಸಿದ್ದೆ.

ನಿನ್ನ ಟಿವಿಯಲ್ಲಿ ಚಿತ್ರ, ನನ್ನದರಲ್ಲಿ ಬರೀ ಚುಕ್ಕಿ ಎಂದು, ಅವತ್ತು ಮೆಟ್ಟಿಲ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ “ಹೊಟ್ಟೆಕಿಚ್ಚಿಗೆ ನನ್ನ ಕೇಬಲ್ ಕತ್ತರಿಸಿದ ದ್ರೋಹಿ” ಎಂದು ಅಬ್ಬರಿಸಿದೆನಲ್ಲ, ಆಗ ನಿನ್ನ ಬಾಯಿ ಬಿದ್ದುಹೋಗಿತ್ತೇನೋ? “ಅಣ್ಣಾ, ಮೊದ್ಲು ನಿನ್ನ ಪಿನ್ ನೋಡ್ಕೋ” ಎನ್ನಬಾರದಿತ್ತೇ? ಎದುರು ಪಾತ್ರದವನು ಒಂದೂ ಮಾತಾಡದೆ ರಂಗದಿಂದ ಇಳಿದು ಹೋದರೆ ಉಳಿದವನು ಏನು ಮಾಡಬೇಕೋ, ಮೂರ್ಖಾ?

ಮೆಕ್ಯಾನಿಕ್ ಆ ಎಳೆಯನ್ನು ಕತ್ತರಿಸಿ ಪಿನ್ ಹಾಕಿದ ಕೂಡಲೇ ಚಿತ್ರ ಕನ್ನಡಿಯಂತೆ ಬಂತು. ನೀನು ಮೇಲೆ ಆಂಟೆನಾ ತಿರುಗಿಸುವಾಗ ನಾನು ಕೆಳಗಿನಿಂದ ಕೂಗುತ್ತಿದ್ದ ಹಾಗೆಯೇ ಮುಖವೆತ್ತಿ, “ಬಂತು ಕಣೋ, ಇಳಿದು ಬಾ” ಎಂದು ಕೂಗಿಬಿಟ್ಟೆ.

ಅವನು ಪಕ್ಕದಲ್ಲೇ ನಿಂತಿದ್ದ. “ಮೇಲೆ ಯಾರಿದಾರೆ, ಸಾರ್?” ಎಂದು ಕೇಳಿದ.

ಏನು ಹೇಳಬೇಕಿತ್ತೋ, ನೀನೇ ಹೇಳು.