ತಿಜೋರಿಯ ಬಾಯಲ್ಲಿ ಕುಂಕುಮ

ನಿಡೋಣಿ
೨೨ ಸೆಪ್ಟೆಂಬರ್ ೧೯೭೭, ಗುರುವಾರ

ಪ್ರೀತಿಯ ಅಮೋಘಿಯ ಅಪ್ಪನವರಿಗೆ, ನಿಮ್ಮ ಹೊಳೆವ್ವ ಕೈಮುಗಿದು ಬರೆಯುವುದೇನೆಂದರೆ,

ಮೈಯಲ್ಲಿ ಆರಾಮ ಇದೆಯೇ? ಬೋರ್ ಕೊರೆಯುವ ಮಷೀನಿನ ಸದ್ದಿಗೆ ಕಿವಿಯಲ್ಲಿ ಗುಂಯ್ ಅನ್ನುತ್ತದೆ ಎಂದು ಹಿಂದೆ ಬರೆದಿದ್ದಿರಿ. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದರೆ ನಗುತ್ತೀರಿ. ನಕ್ಕರೆ ನಗಿ, ಇಟ್ಟುಕೊಳ್ಳಿ. ಲಾತೂರಿನ ಕಡೆ ನಿಮಗೆ ಬೇಕಾದಂಥ ತೆಳ್ಳನೆಯ ರೊಟ್ಟಿ ಸಿಗುವುದಿಲ್ಲ ಎಂದು ಗೊತ್ತು. ನಾನು ಕಟ್ಟಿಕೊಟ್ಟ ಶೇಂಗಾ ಹಿಂಡಿ ಎಂದೋ ತೀರಿರಬೇಕು. ಇಲ್ಲಿ ಅಮೋಘಿ ಸಾಲೆಗೆ ಹೋಗುತ್ತಾನೆ, ಬರುತ್ತಾನೆ, ನಡುವೆ ಕಲಿಯುವುದು ಎಷ್ಟೋ ದೇವರಿಗೇ ಗೊತ್ತು. ಎಮ್ಮೆ ಹೆಣ್ಣು ಕರು ಹಾಕಿದೆ. ಮಳೆ ಪರವಾಗಿಲ್ಲ, ಜೋಳದ ಬಿತ್ತನೆಗೆ ಹೊಲ ಹದವಾಗಿದೆ, ನಿಮ್ಮ ತಮ್ಮ ಕೂರಿಗೆ ರಿಪೇರಿ ಮಾಡಿಸಿದ್ದಾನೆ. ಅತ್ತೆ ಎದುರಿಗೆ ಕಟ್ಟೆಯ ಮೇಲೆ ಕೂತಿದ್ದಾರೆ. ಬರೆದಷ್ಟನ್ನೂ ಓದಿ ಹೇಳಿದ ಮೇಲೆಯೇ ಪತ್ರ ಹೊರಗೆ ಹೋಗಬೇಕು. ಈ ಮನೆಯ ಕಾನೂನು ನಿಮಗೆ ಗೊತ್ತೇ ಇದೆ.

ಈಗ ಮುಖ್ಯ ಮಾತು. ನಾವು ಬಬಲೇಶ್ವರದ ಬ್ಯಾಂಕು ಬಿಟ್ಟು ತಿಕೋಟಾದಲ್ಲಿ ಹೊಸದಾಗಿ ಆಗಿರುವ ಬ್ಯಾಂಕಿಗೆ ಹೋಗಬೇಕು ಎಂದು ನನ್ನ ಹಟ. ಬೇಡವೆಂದು ಅತ್ತೆಯ ಹಟ. ನೀವು ಒಂದು ಕಡೆ ನಿಲ್ಲಬೇಕು, ಅದೂ ಬೇಗ. ಅತ್ತೆಯ ಬಲಗಣ್ಣಿನ ಆಪರೇಶನ್ ದಸರೆಯ ಒಳಗೆ ಆಗಬೇಕು, ತಡವಾದರೆ ತನ್ನ ಕೈಯಲ್ಲಿ ಏನೂ ಇಲ್ಲ ಎಂದು ವಿಜಾಪುರದ ಕಣ್ಣಿನ ಡಾಕ್ಟರು ಹೇಳಿದ್ದಾರೆ. ದುಡ್ಡು ಇಲ್ಲದಿದ್ದರೆ ಒಂದು ಮಾತು. ನಿಮ್ಮ ಬೆವರಿನ ದುಡ್ಡು ಇದೆ, ಆದರೆ ಅದು ನಮ್ಮ ಕೈಗೆ ಬಾರದ ಜಾಗದಲ್ಲಿದೆ. ನೀವು ಮುನ್ನೂರು ಅಡಿ ಕಲ್ಲು ಕೊರೆದು ನೀರು ತೆಗೆಯುತ್ತೀರಿ. ನಮ್ಮ ಬ್ಯಾಂಕಿನವರಿಗೆ ಕಣ್ಣೆದುರಿನ ತಿಜೋರಿಯಿಂದ ನೋಟು ತೆಗೆಯಲು ಆಗುವುದಿಲ್ಲ.

ಎಡಗಣ್ಣು ಹೋದ ಸುದ್ದಿಯನ್ನು ಹಿಂದಿನ ಪತ್ರದಲ್ಲಿ ಬರೆದಿದ್ದೆ. ಹೇಗೆ ಹೋಯಿತೆಂದು ಬರೆದಿರಲಿಲ್ಲ. ‘ಮಷೀನ ಮ್ಯಾಲ ನಿಂತಾಂವ, ತಲಿ ಕೆಟ್ಟೀತು, ಬರೀಬ್ಯಾಡ’ ಎಂದು ಅತ್ತೆಯೇ ತಡೆದಿದ್ದರು. ಇವತ್ತು ಬರೆಯುತ್ತೇನೆ, ಅವರೂ ಕೇಳಿಸಿಕೊಳ್ಳಲಿ. ಕಾರಹುಣ್ಣಿಮೆಯ ದಿನ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವಾಗ ಅವರಿಗೆ ತಲೆ ಸಿಡಿಯತೊಡಗಿತು. ದೀಪ ನೋಡಿದರೆ ಸುತ್ತ ಬಣ್ಣದ ಬಳೆ ಕಾಣುತ್ತದೆ ಎಂದರು, ವಾಂತಿ ಮಾಡಿಕೊಂಡರು, ಎಡಗಣ್ಣು ಕೆಂಡವಾಯಿತು. ಮರುದಿನ ಬೆಳಗಿನ ಬಸ್ಸಿಗೆ ನಾನು ಬಬಲೇಶ್ವರಕ್ಕೆ ಓಡಿದೆ. ನೀವು ಹೋಗುವಾಗ ಸಹಿ ಮಾಡಿ ಕೊಟ್ಟಿದ್ದ ದುಡ್ಡು ತೆಗೆಯುವ ಚೀಟಿಗಳಲ್ಲಿ ಒಂದು ಕೈಯಲ್ಲಿತ್ತು. ಮ್ಯಾನೇಜರ್ ಖುರ್ಚಿಯಲ್ಲಿ ಖಂಡಪ್ಪ ಕಾಕಾ. ನಿಮ್ಮ ಅಪ್ಪನ ಚಿಕ್ಕಪ್ಪನ ಮಗ ಎಂದ ಮೇಲೆ ನನಗೆ ಎಷ್ಟು ಧೈರ್ಯ ಇತ್ತು ಅಂತೀರಿ. ಹೋಗಿ ನೋಡಿದರೆ ಕಾಕಾನೂ ಕ್ಯಾಶಿಯರನೂ ತಿಜೋರಿಯ ಮುಂದೆ ಮೊಣಕಾಲೂರಿ ಕೂತಿದ್ದಾರೆ. ತಿಜೋರಿಗೆ ಎರಡು ಕೀಲಿ, ಎರಡೂ ತಿರುಗಿದರೆ ಬಾಗಿಲು. ಒಂದು ತಿರುಗಿತು, ಇನ್ನೊಂದು ಒಳಗೇ ಹೋಗಲಿಲ್ಲ. ಕಾಕಾ ಕುಸುಬಿ ಎಣ್ಣೆ ಹುಯ್ಯುತ್ತಿದ್ದ.

‘ನಾಳಿಗಿ ಬಾ ಮಗಳ, ನಾಳಿಗಿ ತೆಗೀತೈತಿ’ ಎಂದ. ಮರುದಿನ ಹೋದರೆ ಮತ್ತೆ ನಾಳೆ. ಅದರ ಮರುದಿನವೂ ನಾಳೆ. ವಿಜಾಪುರದಿಂದ ಬೀಗದ ಮಿಸ್ತ್ರಿಯನ್ನು ಕರೆಸಲು ಚೇರಮನ್‌ರ ಕಾಗದ ಬೇಕಂತೆ, ಚೇರಮನ್‌ರು ಬೀಗರ ಊರಿಗೆ ಹೋಗಿದ್ದರಂತೆ. ಬ್ಯಾಂಕಿನಲ್ಲಿ ಟೆಲಿಫೋನು ಇಲ್ಲ, ಇನ್ನೊಂದು ಬ್ಯಾಂಕಿನಿಂದ ತಂದುಕೊಡುವ ದಾರಿಯೂ ಇಲ್ಲ. ಮನೆಗೆ ಬಂದರೆ ಅತ್ತೆ ಕತ್ತಲ ಕೋಣೆಯಲ್ಲಿ ಹಣೆಗೆ ಬಟ್ಟೆ ಬಿಗಿದುಕೊಂಡು ನರಳುತ್ತಿದ್ದರು. ಕೊನೆಗೆ ಪಕ್ಕದ ಮನೆಯ ಆಶಾಬಿ ಮಗಳ ಮದುವೆಗೆ ಕೂಡಿಟ್ಟದ್ದನ್ನು ಸೆರಗಿನಲ್ಲಿ ತಂದುಕೊಟ್ಟಳು. ಡಾಕ್ಟರು ಕಣ್ಣಿನ ರೆಪ್ಪೆ ಎತ್ತಿ ನೋಡಿ ನನ್ನ ಮುಖವನ್ನೇ ನೋಡಿದರು. ಇದು ಕಾಚಬಿಂದು, ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುತ್ತದೆ, ಶುರುವಾದ ದಿನವೇ ಕರೆತಂದಿದ್ದರೆ ಉಳಿಸಬಹುದಿತ್ತು, ಬಲಗಣ್ಣಿಗೂ ಇದೇ ಬರುವ ಮೊದಲು ಆಪರೇಶನ್ ಮಾಡಿಸಿ ಎಂದರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಅತ್ತೆ ಅಳಲಿಲ್ಲ.

ಮಿಸ್ತ್ರಿ ಗೈಬುಸಾಬ ಕೊನೆಗೂ ಬಂದಾಗ ನಾನೂ ಬ್ಯಾಂಕಿನಲ್ಲಿದ್ದೆ. ಒಂದು ಸೂಜಿ, ಒಂದು ಬಗ್ಗಿಸಿದ ತಂತಿ, ಸ್ವಲ್ಪ ಸೀಮೆಎಣ್ಣೆ. ಕೀಲಿಯ ತೂತಿನಿಂದ ಕೆಂಪಗೆ ಗಟ್ಟಿಯಾದ ಮುದ್ದೆ ಮುದ್ದೆ ಹೊರಗೆ ಬಂತು. ಏನೆಂದು ಹೇಳಲಿ? ಕುಂಕುಮ. ಪ್ರತಿ ವರ್ಷ ದೀಪಾವಳಿಗೆ ತಿಜೋರಿಗೆ ಲಕ್ಷ್ಮೀ ಪೂಜೆ ಮಾಡುತ್ತಾರಲ್ಲ, ಎಲ್ಲರೂ ಕೀಲಿಯ ತೂತಿಗೇ ಅರಿಸಿನ ಕುಂಕುಮ ಮೆತ್ತುತ್ತಾರೆ, ಅಲ್ಲಿಯೇ ಲಕ್ಷ್ಮಿಯ ಬಾಯಿ ಇದೆಯೇನೋ ಎಂಬಂತೆ. ಅದರ ಮೇಲೆ ಕುಸುಬಿ ಎಣ್ಣೆ ಬಿದ್ದು ಅಂಟಾಗಿ ಕೂತಿತ್ತು. ಗೈಬುಸಾಬ ತಂತಿ ಒರೆಸಿಕೊಳ್ಳುತ್ತ, ‘ಸಾಹೇಬ್ರ, ಬಾಯಿ ತುಂಬ ಇಷ್ಟ ತುರುಕಿದ್ರ ಆಕಿ ಹ್ಯಾಂಗ ಬಾಯಿ ತೆಗೀತಾಳ್ರಿ?’ ಎಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕಳೆದ ದೀಪಾವಳಿಗೆ ಅತ್ತೆಯ ಜೊತೆ ಹೋಗಿ ನಾನೂ ಅದೇ ತೂತಿಗೆ ಕುಂಕುಮ ಹಚ್ಚಿ ಬಂದವಳೇ.

ಅದೇ ವಾರ ಕಾಕಾ ಮನೆಗೆ ಬಂದ. ಟೊಪ್ಪಿಗೆ ತೆಗೆದು ಕಂಬಕ್ಕೆ ಒರಗಿ ಕೂತ, ಅತ್ತೆಯ ಕಣ್ಣನ್ನು ನೋಡಲಾರದೆ ನೆಲ ನೋಡಿದ. ‘ತಪ್ಪಾತು ವೈನಿ’ ಎಂದ. ಅತ್ತೆ ಅವನಿಗೆ ಚಹಾ ಮಾಡಿಸಿ, ‘ಬಿಡೋ ಖಂಡಪ್ಪಾ, ನನ್ನ ಹಣಿಬಾರಕ್ಕ ನೀ ಏನ ಮಾಡ್ತಿ’ ಎಂದು ಕಳಿಸಿದರು. ಅಲ್ಲಿಗೆ ನನ್ನ ಸಿಟ್ಟೂ ಅರ್ಧ ಇಳಿದಿತ್ತು, ಸುಳ್ಳು ಯಾಕೆ ಹೇಳಲಿ. ಮಾವನವರು ತೀರಿಕೊಂಡ ದಿನ ರವಿವಾರವಾದರೂ ಬ್ಯಾಂಕು ತೆಗೆಸಿ ದುಡ್ಡು ತಂದು ನಿಮ್ಮ ಕೈಗಿಟ್ಟವನು ಇದೇ ಕಾಕಾ.

ಆದರೆ ನಾಗರ ಪಂಚಮಿ ಮುಗಿದ ಮೇಲೆ ಬಲಗಣ್ಣಿನ ಆಪರೇಶನ್ನಿಗೆಂದು ಎರಡನೆಯ ಚೀಟಿ ಹಿಡಿದು ಅತ್ತೆಯನ್ನೂ ಕರೆದುಕೊಂಡು ಹೋದೆ. ಕಾಕಾ ಹಳೆಯ ಕಾರ್ಡು ತೆಗೆದ, ಚೀಟಿಯನ್ನು ಪಕ್ಕಕ್ಕಿಟ್ಟ, ಕನ್ನಡಕ ಹಾಕಿದ, ತೆಗೆದ. ‘ಸಹಿ ಹೊಂದವಲ್ದು ಮಗಳ’ ಎಂದ. ಖಾತೆ ತೆಗೆದಾಗ ನೀವು ಒಂದೊಂದೇ ಅಕ್ಷರ ಕೂಡಿಸಿ ಬರೆದಿದ್ದಿರಂತೆ. ಈಗ ಕೊನೆಯ ಅಕ್ಷರಕ್ಕೆ ಉದ್ದ ಬಾಲ ಎಳೆದು ಕೆಳಗೆ ಗೆರೆ ಹಾಕುತ್ತೀರಂತೆ. ತಿಜೋರಿ ತೆಗೆದ ದಿನ ಮೊದಲನೆಯ ಚೀಟಿಗೆ ದುಡ್ಡು ಕೊಡುವಾಗ ಸಹಿಯನ್ನು ಯಾರೂ ನೋಡಿರಲಿಲ್ಲ, ಈಗ ಇನಸ್ಪೆಕ್ಟರ್ ಬರುವವರಿದ್ದಾರಂತೆ. ಸಾಲೆಯಲ್ಲಿ ನೀವು ಸಹಿ ಕಲಿಯುವಾಗ ಕೈ ಹಿಡಿದು ತಿದ್ದಿಸಿದವನು ಯಾರು? ಇದೇ ಕಾಕಾ. ಅತ್ತೆ ಆ ಚೀಟಿ ಈಸಿಕೊಂಡು ಬಲಗಣ್ಣಿನ ಹತ್ತಿರ ಹಿಡಿದು, ಬಾಲದ ಮೇಲೆ ಬೆರಳು ಆಡಿಸಿ, ‘ನನಗ ಅಕ್ಷರ ಬರಂಗಿಲ್ಲೋ ಯಪ್ಪಾ, ಖರೆ ನನ್ನ ಮಗನ ಕೈ ನನಗ ಗೊತ್ತಾಗಂಗಿಲ್ಲೇನು? ಪ್ರತಿ ಕಾಗದದಾಗ ಇದನ್ನ ನೋಡೇ ನಾ ಅನ್ನ ಉಣ್ಣಾಕಿ’ ಎಂದರು. ಕಾಕಾ ಮುಖ ತಿರುಗಿಸಿ, ‘ರೂಲ ಐತ್ರಿ ವೈನಿ’ ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂದಂಗಾಯಿತು. ಈಗ ನನ್ನ ಹತ್ತಿರ ಒಂದೇ ಚೀಟಿ ಉಳಿದಿದೆ. ಅದರಲ್ಲೂ ಅದೇ ಬಾಲ. ನಿಮ್ಮ ಪಗಾರದ ಚೆಕ್ಕೂ ಅಷ್ಟೇ, ಬಬಲೇಶ್ವರಕ್ಕೆ ಬಂದು, ಟಪಾಲಿನಲ್ಲಿ ವಿಜಾಪುರಕ್ಕೆ ಹೋಗಿ, ಅಲ್ಲಿಂದ ಸೊಲ್ಲಾಪುರಕ್ಕೆ ಹೋಗಿ, ಒಪ್ಪಿಗೆಯಾಗಿ ತಿರುಗಿ ಬರುವಷ್ಟರಲ್ಲಿ ಕೋಳಿ ಕಾವು ಕೂತು ಮರಿ ಮಾಡಿ ಮುಗಿಸಿರುತ್ತದೆ.

ಹೋದ ವಾರ ಆಶಾಬಿಯ ಜೊತೆ ತಿಕೋಟಾಕ್ಕೆ ಹೋಗಿ ಆ ಹೊಸ ಬ್ಯಾಂಕನ್ನು ನೋಡಿ ಬಂದೆ. ಟೆಲಿಫೋನು ಇದೆ, ಅದನ್ನು ಕಟ್ಟಿಗೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾರೆ, ಅದು ಬೇರೆ ಮಾತು. ಹಿಡಿಕೆ ತಿರುವಿದರೆ ಲೆಕ್ಕ ಕೂಡಿಸುವ ಮಷೀನು ಇದೆ. ನಿಮ್ಮ ಕಂಪನಿಯ ಖಾತೆ ಸೊಲ್ಲಾಪುರದಲ್ಲಿ ಇದೇ ಬ್ಯಾಂಕಿನಲ್ಲಿದೆಯಂತೆ. ನೀವು ಅಲ್ಲಿಯ ಕಂಪನಿ ಆಫೀಸಿನಲ್ಲಿ ಪಗಾರ ಇಲ್ಲಿಗೆ ಕಳಿಸಿರೆಂದು ಒಂದು ಕಾಗದ ಬರೆದುಕೊಟ್ಟರೆ ತಾರಿನ ಮೇಲೆ ದುಡ್ಡು ಬರುತ್ತದಂತೆ, ಅದೂ ನನ್ನ ಹೆಸರಿಗೆ, ನನ್ನ ಸಹಿಯ ಮೇಲೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ನಾನು ಇಷ್ಟು ವರ್ಷ ಸಹಿ ಮಾಡಿದ್ದು ಅಮೋಘಿಯ ಸಾಲೆಯ ಪ್ರಗತಿ ಪತ್ರಕ್ಕೆ ಮಾತ್ರ. ಅಲ್ಲಿಯ ಸಾಹೇಬರು ಮೈಸೂರು ಕಡೆಯ ಹುಡುಗ. ‘ಯಜಮಾನರ ಹೆಸರು ಹೇಳಿ ತಾಯಿ’ ಎಂದರು. ನಾನು ಹೇಗೆ ಹೇಳಲಿ? ಸೆರಗು ಕಚ್ಚಿಕೊಂಡು ನಿಂತೆ. ಗಂಡನ ಹೆಸರೇ ಗೊತ್ತಿಲ್ಲದವಳು ಎಂದುಕೊಂಡರೋ ಏನೋ, ಪೆನ್ನು ಕೆಳಗಿಟ್ಟರು. ಕೊನೆಗೆ ಆಶಾಬಿ ನಗುತ್ತ ಹೇಳಿದಳು. ಹಾಳೆಯ ಮೇಲೆ ಬರೆದು ತೋರಿಸಬಹುದಿತ್ತಲ್ಲ ಎಂದು ನನಗೆ ಹೊಳೆದದ್ದು ತಿರುಗಿ ಬರುವ ಬಸ್ಸಿನಲ್ಲಿ. ಬಬಲೇಶ್ವರದಲ್ಲಿ ಈ ಪೇಚಾಟ ಇಲ್ಲ, ನಾನು ಯಾರ ಹೆಂಡತಿ ಎಂದು ಅಲ್ಲಿಯ ಬಾಗಿಲಿಗೂ ಗೊತ್ತು. ಇದು ನಿಜ. ನಾಳೆ ನಮಗೆ ಏನಾದರೂ ಆದರೆ ತಿಕೋಟಾದ ಸಾಹೇಬರು ನಮ್ಮ ಕಟ್ಟೆಯ ಮೇಲೆ ಬಂದು ಕೂರುವುದಿಲ್ಲ, ಅದೂ ನಿಜ. ಈ ಎರಡು ನಿಜಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ನನಗೆ ನಿದ್ದೆ ಬರುತ್ತಿಲ್ಲ.

ಅತ್ತೆಯ ಮಾತನ್ನೂ ಇದ್ದಹಾಗೆ ಬರೆಯುತ್ತೇನೆ, ಇಲ್ಲದಿದ್ದರೆ ಓದುವಾಗ ಸಿಕ್ಕಿಬೀಳುತ್ತೇನೆ. ‘ಆ ತಿಜೋರಿ ವಿಜಾಪುರದ ಟೇಶನದಿಂದ ಬಂದಿದ್ದ ನಿಮ್ಮಪ್ಪನ ಗಾಡ್ಯಾಗ. ಎತ್ತ ಎರಡೂ ಬಾಯಿ ಬಿಟ್ಟಿದ್ದೂ. ಅಂವ ಹೋದ ಮ್ಯಾಲ ದೀಪಾವಳಿಗಿ ನಾ ಹೋಗಿ ಕುಂಕುಮ ಹಚ್ಚೂದು ತಿಜೋರಿಗಲ್ಲ, ಅವನ ನೆಪ್ಪಿಗಿ. ಒಂದ ಕಣ್ಣ ಹೋತು, ಇನ್ನೊಂದ ಚಲೋ ಐತಿ. ಅದಕ್ಕ ಊರ ಮಂದಿ ಮುಂದ ಖಂಡಪ್ಪನ ಮಾರಿ ತಗ್ಗಿಸಬ್ಯಾಡ, ಮಗನ’ ಎನ್ನುತ್ತಾರೆ. ನನಗೆ, ‘ಹೊಳೆವ್ವಾ, ಸಿಟ್ಟಿನಾಗ ಕೊಯ್ದ ಮೂಗು ಬರಂಗಿಲ್ಲ ಬೇ’ ಎಂದು ಬುದ್ಧಿ ಹೇಳಿದ್ದಾರೆ. ಕಣ್ಣು ಬರುತ್ತದೆಯೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ತಿಕೋಟಾದಿಂದ ತಂದ ಫಾರ್ಮು ಗೋಡೆಯ ನಾಗೊಂದಿ ಹಲಗೆಯ ಮೇಲೆ ಇದೆ. ನಿಮ್ಮ ಉತ್ತರ ಬಂದ ಮೇಲೆ ನೀವು ಹೇಳಿದಂತೆ.

ಅತ್ತೆಯ ತುಂಬು ಆಶೀರ್ವಾದ ನಿಮ್ಮ ತಲೆಯ ಮೇಲಿದೆ. ಬನ್ನಿ ಹಬ್ಬಕ್ಕೆ ನೀವು ಮನೆಯಲ್ಲಿರಬೇಕು, ಬನ್ನಿ ಕೊಡಲು ನಿಮ್ಮ ಕೈಯೇ ಬೇಕು ಎಂದು ಹೇಳುತ್ತಿದ್ದಾರೆ. ನಿಮ್ಮ ತಮ್ಮನ ನಮಸ್ಕಾರ. ಆಶಾಬಿ ನಿಮ್ಮನ್ನು ಕೇಳಿದಳೆಂದು ಬರೆ ಎಂದಿದ್ದಾಳೆ. ಅಮೋಘಿ ನಿಮಗೆಂದು ಬಿಡಿಸಿದ ಬೋರ್ ಮಷೀನಿನ ಚಿತ್ರ ಇದರ ಜೊತೆ ಇದೆ, ನೋಡಲು ಒಂಟೆಯ ಹಾಗಿದೆ, ಆದರೂ ಹೊಗಳಿ ಬರೆಯಿರಿ.

ನಿಮ್ಮ ದಾರಿ ಕಾಯುವ
ಹೊಳೆವ್ವ

ತಾ.ಕ. ಅತ್ತೆ ಪೂರ್ತಿ ಕೇಳಿಸಿಕೊಂಡು ಕರುವಿನ ಕಡೆ ಎದ್ದು ಹೋದರು. ಗೋಡೆ ಹಿಡಿದುಕೊಂಡು ಹೋದರು. ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿಮ್ಮ ಕಾರ್ಡು ನಿನ್ನೆ ಬಂತು. ಅತ್ತೆ ಯಾವಾಗಿನಂತೆ ಅದನ್ನು ಈಸಿಕೊಂಡು ಅಂಗಳದ ಬಿಸಿಲಿನಲ್ಲಿ ಕೂತರು. ಕಾರ್ಡು ತಲೆಕೆಳಗಾಗಿತ್ತು. ಟಪಾಲಿನ ಕರಿ ಮುದ್ರೆಯ ಮೇಲೆ ಬೆರಳಾಡಿಸಿ, ‘ಇಲ್ಲೈತಿ ನೋಡ ನನ್ನ ಮಗನ ಸಹಿ’ ಎಂದು ನಕ್ಕು ಎದೆಗೆ ಒತ್ತಿಕೊಂಡರು. ಹೌದ್ರಿ ಎಂದೆ. ಬಲಗಣ್ಣು ಚಲೋ ಇದೆ ಎಂದು ಮೇಲೆ ಬರೆದದ್ದು ಅವರ ಮಾತು, ನನ್ನದಲ್ಲ. ಫಾರ್ಮು ನಾಗೊಂದಿಯ ಮೇಲೆ ಇಲ್ಲ. ಈ ಬೆಳಿಗ್ಗೆ ಬೆಣ್ಣೆ ಮಾರಿದ ದುಡ್ಡು ಕಟ್ಟಿ ತಿಕೋಟಾದಲ್ಲಿ ಖಾತೆ ತೆಗೆದು ಬಂದಿದ್ದೇನೆ, ನನ್ನ ಹೆಸರಿನಲ್ಲಿ. ಈ ಸಲ ನಿಮ್ಮ ಹೆಸರನ್ನು ನಾನೇ ಬರೆದೆ. ಬಯ್ಯುವುದಿದ್ದರೆ ಊರಿಗೆ ಬಂದು ಬಯ್ಯಿರಿ. ಈಗ ಉತ್ತರ ಬರೆಯುತ್ತ ಕೂರಬೇಡಿ, ಪತ್ರ ಮುಟ್ಟಿದ ಕೂಡಲೇ ಸೊಲ್ಲಾಪುರದ ಆಫೀಸಿಗೆ ಹೋಗಿ ಕಾಗದ ಬರೆದುಕೊಡಿ. ತಡವಾದರೆ ಮುಂದಿನ ಕಾರ್ಡಿನಲ್ಲಿ ನಿಮ್ಮ ಸಹಿ ಎಲ್ಲಿದೆ ಎಂದು ನಾನು ಅವರ ಬೆರಳು ಹಿಡಿದು ತೋರಿಸಬೇಕಾಗುತ್ತದೆ. ಅದನ್ನು ನನ್ನ ಕೈಯಲ್ಲಿ ಮಾಡಿಸಬೇಡಿ.